ಬಾಯಿಗಿಂತ ಮೊದಲು ಕಿವಿ: ನಮ್ಮ ಹ್ಯಾಮ್ ರಿಪೀಟರ್‌ಗೆ ಸಾಮಾನು ಆರಿಸಿದ ಕಥೆ

ಹಿಂದಿನ ಸಾಲಿನಲ್ಲಿ ಕೂತಿರೋರಿಗೆ ಕೇಳಿಸ್ತಾ ಇದೆಯಾ? ಕೈ ಎತ್ತಿ. ಸರಿ. ಈ ಪ್ರಶ್ನೆಯನ್ನ ಸುಮ್ನೆ ಶಿಷ್ಟಾಚಾರಕ್ಕೆ ಕೇಳಲಿಲ್ಲ. ನಾನು ಇಲ್ಲಿಂದ ಜೋರಾಗಿ ಮಾತಾಡಬಹುದು, ಮೈಕೂ ಇದೆ. ಆದರೆ ನೀವು ಅಲ್ಲಿಂದ ಮೆಲ್ಲಗೆ ಏನಾದ್ರೂ ಹೇಳಿದ್ರೆ ನನಗೆ ಕೇಳಿಸಲ್ಲ. ಇವತ್ತಿನ ಮಾತು ಪೂರ್ತಿ ಈ ಒಂದು ತೊಂದರೆಯ ಬಗ್ಗೆ.

ನನ್ನೂರು ತಿಪಟೂರು. ಪುಣೆಗೆ ಬಂದು 14 ವರ್ಷ ಆಯ್ತು. ಹಿಂಜವಾಡಿಯಲ್ಲಿ ಕೆಲಸ, ನಿಮ್ಮಲ್ಲಿ ಅರ್ಧ ಜನರ ಹಾಗೇ: ಬೇರೆಯವರ ಸರ್ವರ್ ಬಿದ್ದರೆ ರಾತ್ರಿ ಎದ್ದು ಕೂರೋದು. ಎಂಟು ವರ್ಷದ ಹಿಂದೆ ಎಎಸ್‌ಒಸಿ ಪರೀಕ್ಷೆ ಬರೆದು ಹ್ಯಾಮ್ ರೇಡಿಯೊ ಲೈಸೆನ್ಸ್ ತಗೊಂಡೆ. ವಿಯು3 ಅಂತ ಶುರುವಾಗೋ ಕಾಲ್‌ಸೈನ್ ಬಂತು. ಮನೆಯವಳು ಕೇಳಿದ್ದು ಒಂದೇ ಮಾತು, "ಫೋನ್ ಇದೆಯಲ್ಲ, ಇದು ಯಾಕೆ?" (ನಗು) ಆ ಪ್ರಶ್ನೆಗೆ ನನಗೆ ನಿಜವಾದ ಉತ್ತರ ಸಿಕ್ಕಿದ್ದು ದಿವೆ ಘಾಟಿನಲ್ಲಿ. ಅದಕ್ಕೆ ಬರ್ತೀನಿ.

ಮೊದಲು ರಿಪೀಟರ್ ಅಂದ್ರೇನು ಅಂತ ಎರಡು ನಿಮಿಷ. ಕೈಯಲ್ಲಿ ಹಿಡಿಯೋ ರೇಡಿಯೊ, ನಾವು ಹ್ಯಾಂಡಿ ಅಂತೀವಿ, 5 ವಾಟ್ ಹೊರಗೆ ಹಾಕತ್ತೆ. ಊರೊಳಗೆ ಕಟ್ಟಡಗಳ ಮಧ್ಯೆ ನಿಂತು ಇನ್ನೊಂದು ಹ್ಯಾಂಡಿ ಜೊತೆ ಮಾತಾಡಿದ್ರೆ ಎರಡು ಮೂರು ಕಿಲೋಮೀಟರ್, ಅಷ್ಟೇ. ಈ ತರಂಗಗಳು ಹೆಚ್ಚುಕಡಿಮೆ ಕಣ್ಣಿಗೆ ಕಾಣೋ ದೂರದವರೆಗೆ ಹೋಗ್ತವೆ, ಅಡ್ಡ ಗುಡ್ಡ ಬಂದ್ರೆ ಮುಗೀತು. ಅದಕ್ಕೆ ಎತ್ತರದ ಗುಡ್ಡದ ಮೇಲೆ ಒಂದು ಪೆಟ್ಟಿಗೆ ಇಡ್ತೀವಿ. ಅದು ಒಂದು ಫ್ರೀಕ್ವೆನ್ಸಿಯಲ್ಲಿ ಕೇಳಿಸಿಕೊಳ್ಳತ್ತೆ, ಕೇಳಿದ್ದನ್ನ ಅದೇ ಕ್ಷಣ ಇನ್ನೊಂದು ಫ್ರೀಕ್ವೆನ್ಸಿಯಲ್ಲಿ ಜೋರಾಗಿ ಹೇಳತ್ತೆ. ನಮ್ಮ ದೇಶದಲ್ಲಿ ಹ್ಯಾಮ್‌ಗಳಿಗೆ ಕೊಟ್ಟಿರೋ ಎರಡು ಮೀಟರ್ ಬ್ಯಾಂಡ್ 144ರಿಂದ 146 ಮೆಗಾಹರ್ಟ್ಸ್. ಅದರೊಳಗೆ ಕೇಳೋದಕ್ಕೂ ಹೇಳೋದಕ್ಕೂ ನಡುವೆ ಇಟ್ಟುಕೊಳ್ಳೋ ಅಂತರ 600 ಕಿಲೋಹರ್ಟ್ಸ್. ಉದಾಹರಣೆಗೆ 145.0ರಲ್ಲಿ ಕೇಳಿ 145.6ರಲ್ಲಿ ಹೇಳೋದು. ಈ 600 ಅನ್ನೋ ಸಂಖ್ಯೆ ನೆನಪಿಟ್ಟುಕೊಳ್ಳಿ, ನಮ್ಮ ದುಡ್ಡು ಮುಳುಗಿದ್ದು ಅದರಲ್ಲೇ.

ಎತ್ತರದ ಲೆಕ್ಕ ಸುಲಭ. ಮೀಟರಿನಲ್ಲಿರೋ ಎತ್ತರದ ವರ್ಗಮೂಲವನ್ನ 4.12ರಿಂದ ಗುಣಿಸಿದ್ರೆ ರೇಡಿಯೊಗೆ ಕಾಣೋ ದಿಗಂತ ಕಿಲೋಮೀಟರಿನಲ್ಲಿ ಬರತ್ತೆ. ನಮಗೆ ಸಿಕ್ಕ ಗುಡ್ಡ ಸುತ್ತಲಿನ ಬಯಲಿಗಿಂತ 400 ಮೀಟರ್ ಮೇಲೆ. ವರ್ಗಮೂಲ 20, ಅಂದ್ರೆ 82 ಕಿಲೋಮೀಟರ್. ಸಹ್ಯಾದ್ರಿಯ ಪಕ್ಕದಲ್ಲಿರೋರಿಗೆ ದೇವರು ಕೊಟ್ಟ ಟವರ್ ಅದು. ಗುಡ್ಡದ ಮೇಲೆ ಒಂದು ನೀರಿನ ಟ್ಯಾಂಕು, ಕಾವಲುಗಾರನ ಕೋಣೆ, ಕರೆಂಟು. ಯಜಮಾನರು ಒಂದು ಮೂಲೆ ಬಿಟ್ಟುಕೊಟ್ರು. ಸಾಮಾನಿನ ಪಟ್ಟಿಯಲ್ಲಿ ಜಾಗ ಬರೆಯೋದನ್ನ ಎಲ್ಲರೂ ಮರೀತಾರೆ. ನನ್ನ ಪ್ರಕಾರ ಮೊದಲ ಸಾಮಾನೇ ಜಾಗ. ಅದು ಸಿಗದೆ ಉಳಿದದ್ದನ್ನ ಕೊಳ್ಳಬೇಡಿ.

ನಾವು ಹನ್ನೊಂದು ಜನ ತಲಾ 6 ಸಾವಿರ ಹಾಕಿದ್ವಿ. 66 ಸಾವಿರ. ಏನು ತಗೊಂಡ್ವಿ? ಎಲ್ಲರೂ ಮಾಡೋದನ್ನೇ ಮಾಡಿದ್ವಿ. ಮೊದಲು ದೊಡ್ಡ ವಾಟ್‌ನ ರೇಡಿಯೊ! ಕಾರಿಗೆ ಹಾಕೋ ಮೊಬೈಲ್ ರೇಡಿಯೊ ಎರಡು. ಒಂದು ಕೇಳೋಕೆ, ಒಂದು ಹೇಳೋಕೆ. ಹೇಳೋದು 45 ವಾಟ್. ಆಮೇಲೆ ಫೈಬರ್‌ಗ್ಲಾಸ್ ಆಂಟೆನಾ. ಆಮೇಲೆ ಉಳಿದ ದುಡ್ಡಲ್ಲಿ ಕೇಬಲ್ಲು, ಮತ್ತೆ ಒಂದು ಚಪ್ಪಟೆ ಡ್ಯೂಪ್ಲೆಕ್ಸರ್. ಪುಸ್ತಕದಷ್ಟು ದೊಡ್ಡದು, ಚೆನ್ನಾಗಿ ಪಾಲಿಶ್ ಮಾಡಿದ ಪೆಟ್ಟಿಗೆ, ಆರು ಸ್ಕ್ರೂ. ಮಾರೋರ ಪುಟದಲ್ಲಿ ವಿಎಚ್‌ಎಫ್ ಅಂತ ಬರೆದಿತ್ತು, ನಮ್ಮ ಫ್ರೀಕ್ವೆನ್ಸಿ ಅದರೊಳಗೆ ಬರ್ತಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು: ಕೇಳೋ-ಹೇಳೋ ಅಂತರ ಕನಿಷ್ಠ 5 ಮೆಗಾಹರ್ಟ್ಸ್ ಇರಬೇಕು. ನಮ್ಮದು 0.6. ಹನ್ನೊಂದು ಜನರಲ್ಲಿ ಎಂಟು ಜನ ಎಂಜಿನಿಯರುಗಳು, ಒಬ್ಬರೂ ಆ ಸಾಲು ಓದಲಿಲ್ಲ. ಕೆಲಸದಲ್ಲಿ ಎಪಿಐ ಡಾಕ್ಯುಮೆಂಟ್ ಹೇಗೆ ಓದ್ತೀವೋ ಹಾಗೇ ಓದಿದ್ವಿ. (ನಗು)

ಗುಡ್ಡದ ಮೇಲೆ ಇಟ್ವಿ. ಟೆಸ್ಟ್ ಮಾಡಿದ್ವಿ. ಅದ್ಭುತ! ಲೋಣಾವಳದ ಕಡೆಯಿಂದ ಒಬ್ಬರು, ಸಾಸವಡದಿಂದ ಒಬ್ಬರು. ಎಲ್ಲ ಕಾರಿನಲ್ಲಿ ಕೂತು, 50 ವಾಟ್ ರೇಡಿಯೊದಲ್ಲಿ, ಛಾವಣಿ ಮೇಲೆ ಆಂಟೆನಾ ಇಟ್ಟುಕೊಂಡು. ಪೇಢೆ ಹಂಚಿದ್ವಿ.

ಮುಂದಿನ ಆಷಾಢದಲ್ಲಿ ಪಾಲಖಿ ಬಂತು. ಪುಣೆಯಲ್ಲಿರೋರಿಗೆ ಹೇಳಬೇಕಾಗಿಲ್ಲ. ಆಳಂದಿಯಿಂದ ಜ್ಞಾನೇಶ್ವರರ ಪಾಲಖಿ, ದೇಹೂನಿಂದ ತುಕಾರಾಮರ ಪಾಲಖಿ, ಪುಣೆಯಲ್ಲಿ ತಂಗಿ, ಪಂಢರಪುರಕ್ಕೆ ನಡೆದುಹೋಗ್ತವೆ. ನಮ್ಮ ಪುರಂದರದಾಸರು ಅಂಕಿತ ಮಾಡಿಕೊಂಡ ವಿಠಲನ ಹತ್ತಿರಕ್ಕೇ ಹೋಗೋದು ಅದು. ಜ್ಞಾನೇಶ್ವರರ ಪಾಲಖಿ ಪುಣೆ ಬಿಟ್ಟ ದಿನ ದಿವೆ ಘಾಟ್ ಹತ್ತಿ ಸಾಸವಡ ಸೇರತ್ತೆ. ಆ ದಿನ ಆ ತಿರುವುಗಳಲ್ಲಿ ತಲೆ ಬಿಟ್ಟರೆ ಬೇರೇನೂ ಕಾಣಲ್ಲ. ಅಷ್ಟು ಜನ ಒಂದೇ ಕಡೆ ಸೇರಿದಾಗ ಮೊಬೈಲ್ ನೆಟ್‌ವರ್ಕ್ ಏನಾಗತ್ತೆ ಅಂತ ನಿಮಗೆ ಗೊತ್ತು, ಸಿಗ್ನಲ್ ಕಡ್ಡಿ ಪೂರ್ತಿ ಇರತ್ತೆ, ಕಾಲ್ ಹೋಗಲ್ಲ. ನಮ್ಮ ಗುಂಪು ಸ್ವಯಂಸೇವೆಗೆ ಅಂತ ನಾಲ್ಕು ತಿರುವಿನಲ್ಲಿ ಹ್ಯಾಂಡಿ ಹಿಡಿದು ನಿಂತಿತ್ತು. ಮೇಲ್ಗಡೆ ಆಂಬುಲೆನ್ಸ್ ಹತ್ತಿರ ನಾನು. ಗುಡ್ಡದ ಮೇಲೆ ರಿಪೀಟರ್ ಪಕ್ಕ ಕಾಕಾ.

ಕಾಕಾ ಅಂದ್ರೆ ಎಪ್ಪತ್ತು ದಾಟಿದ ಮರಾಠಿ ಹಿರಿಯರು. ಜೀವನವೆಲ್ಲ ಮೈಕ್ರೋವೇವ್ ಟವರ್ ಕೆಲಸ ಮಾಡಿ ನಿವೃತ್ತರಾದವರು. ಹೆಸರು ಹಿಡಿದು ಯಾರೂ ಕರೆಯಲ್ಲ, ನಮ್ಮೆಲ್ಲರಿಗೂ ಕಾಕಾ. ಸಾಮಾನು ಕೊಳ್ಳೋವಾಗ ಅವರು ಮಗಳ ಮನೆಗೆ ಹೋಗಿದ್ರು.

ಮಧ್ಯಾಹ್ನ ಹನ್ನೆರಡೂವರೆ ಹೊತ್ತಿಗೆ ನನ್ನ ರೇಡಿಯೊದಲ್ಲಿ ಒಂದು ಸದ್ದು. ತಟ್... ತಟ್... ತಟ್... ತಟ್. ಮಾತಲ್ಲ. ರಿಪೀಟರ್ ಬಾಯಿ ತೆಗೆಯೋದು, ಮುಚ್ಚೋದು, ತೆಗೆಯೋದು, ಮುಚ್ಚೋದು. ನಡುವೆ ಒಂದೊಂದು ಅಕ್ಷರ ಉದುರತ್ತೆ. "...ಜ್ಜಿ..." "...ತಿರು..." ಮೂರನೇ ತಿರುವಿನಲ್ಲಿದ್ದ ನಮ್ಮ ಹುಡುಗ ಕರೀತಿದ್ದಾನೆ ಅಂತ ಗೊತ್ತಾಯ್ತು, ಏನು ಅಂತ ಗೊತ್ತಾಗಲಿಲ್ಲ. ನಾನು ಕೇಳಿದ್ದು ಅವನಿಗೆ ಸ್ಪಷ್ಟವಾಗಿ ಕೇಳಿಸ್ತಿತ್ತಂತೆ. ಅವನು ಹೇಳಿದ್ದು ನನಗೆ ಬರ್ತಿರಲಿಲ್ಲ. ಒಬ್ಬ ಅಜ್ಜಿ ಬಿಸಿಲಿಗೆ ಬಿದ್ದುಬಿಟ್ಟಿದ್ರು, ಪ್ರಜ್ಞೆ ಇರಲಿಲ್ಲ. ಆ ಹುಡುಗ ಹನ್ನೊಂದು ನಿಮಿಷ ಅದೇ ಗುಂಡಿ ಒತ್ತಿಕೊಂಡು ಕೂಗಿದ್ದಾನೆ. ಹನ್ನೊಂದು ನಿಮಿಷ. ನನ್ನ ಕೈಯಲ್ಲಿ ರೇಡಿಯೊ, ಪಕ್ಕದಲ್ಲಿ ಆಂಬುಲೆನ್ಸ್, ಡ್ರೈವರ್ ನನ್ನ ಮುಖ ನೋಡ್ತಾ ಕೂತಿದ್ದಾರೆ, ನಾನು "ರಿಪೀಟ್, ರಿಪೀಟ್" ಅಂತಿದೀನಿ.

ಆಗ ಕಾಕಾ ಮಧ್ಯೆ ಬಂದ್ರು. "ಅರೇ, ಹಾ ಬಹಿರಾ ಝಾಲಾಯ್!" ಇವನು ಕಿವುಡಾಗಿದ್ದಾನೆ. ಅವರು ಯಾರನ್ನ ಅಂದಿದ್ದು ಅಂತ ನನಗೆ ಗೊತ್ತಾಗಲಿಲ್ಲ, ನನ್ನನ್ನೇ ಅಂದುಕೊಂಡೆ. ಅವರು ಬೈದಿದ್ದು ಪೆಟ್ಟಿಗೆಗೆ. ಮಾಡಿದ್ದು ಒಂದೇ ಕೆಲಸ: ಹೇಳೋ ರೇಡಿಯೊದ ಪವರ್ ಬಟನ್ ಒತ್ತಿ 45 ವಾಟ್‌ನಿಂದ 5 ವಾಟ್‌ಗೆ ಇಳಿಸಿದ್ರು. ತಕ್ಷಣ ಆ ಹುಡುಗನ ಧ್ವನಿ ಬಂತು. ಗೊರಗೊರ ಅನ್ನೋ ಶಬ್ದದ ಜೊತೆ, ಆದ್ರೆ ಪೂರ್ತಿ ಮಾತು.

ಅಜ್ಜಿ ಉಳಿದ್ರು. ಸಾಸವಡದಲ್ಲಿ ಸಲೈನ್ ಹಾಕಿದ್ರು. ನಿಪ್ಪಾಣಿ ಕಡೆಯವರು. ಸಂಜೆ ನಾನು ಕನ್ನಡದಲ್ಲಿ ಮಾತಾಡಿಸಿದ್ದಕ್ಕೆ, "ಎಷ್ಟೊತ್ತು ಮಾಡಿದ್ರೋ ಯಪ್ಪಾ" ಅಂದ್ರು. ಅಷ್ಟೇ ಅಂದಿದ್ದು. ನಾನು ಏನೂ ಹೇಳಲಿಲ್ಲ.

ಈಗ, ವಾಟ್ ಕಡಿಮೆ ಮಾಡಿದ್ರೆ ದೂರದವರು ಯಾಕೆ ಚೆನ್ನಾಗಿ ಕೇಳಿಸಬೇಕು? ಸಾಮಾನು ಆರಿಸೋ ವಿದ್ಯೆ ಎಲ್ಲ ಈ ಪ್ರಶ್ನೆಯಲ್ಲಿದೆ.

ರಿಪೀಟರ್ ಕಷ್ಟ ಏನಂದ್ರೆ, ಅದು ಕೂಗ್ತಾ ಕೂಗ್ತಾನೇ ಪಿಸುಮಾತು ಕೇಳಿಸಿಕೊಳ್ಳಬೇಕು, ಅದೂ ಒಂದೇ ಆಂಟೆನಾದಲ್ಲಿ. ಒಳ್ಳೆ ರಿಸೀವರ್ 0.2 ಮೈಕ್ರೋವೋಲ್ಟ್ ಸಿಗ್ನಲ್ ಹಿಡಿಯತ್ತೆ. ಅದನ್ನ 25 ವಾಟ್ ಜೊತೆ ಹೋಲಿಸಿ ನೋಡಿ: ಸುಮಾರು 31 ಸಾವಿರ ಲಕ್ಷ ಕೋಟಿ ಪಟ್ಟು ವ್ಯತ್ಯಾಸ. ಡೆಸಿಬಲ್ ಲೆಕ್ಕದಲ್ಲಿ 165. ಫ್ರೀಕ್ವೆನ್ಸಿ ಬೇರೆ ಬೇರೆ ಇರೋದ್ರಿಂದ ಅಷ್ಟೂ ತಡೆಯಬೇಕಾಗಿಲ್ಲ, ಆದ್ರೂ ಎರಡು ಮೀಟರ್‌ನಲ್ಲಿ 600 ಕಿಲೋಹರ್ಟ್ಸ್ ಅಂತರಕ್ಕೆ 85-90 ಡೆಸಿಬಲ್ ಗೋಡೆ ಬೇಕು. ಆ ಗೋಡೆಯ ಹೆಸರೇ ಡ್ಯೂಪ್ಲೆಕ್ಸರ್.

ಗೋಡೆ ಎರಡು ಕೆಲಸ ಮಾಡಬೇಕು, ಜನ ಒಂದನ್ನೇ ನೆನಪಿಡ್ತಾರೆ. ಒಂದು, ನಮ್ಮದೇ ಜೋರು ಧ್ವನಿ ರಿಸೀವರ್ ಒಳಗೆ ನುಗ್ಗಿ ಅದನ್ನ ಮಂಕು ಮಾಡಬಾರದು. ಎರಡು, ಟ್ರಾನ್ಸ್‌ಮಿಟರ್ ತನ್ನ ಫ್ರೀಕ್ವೆನ್ಸಿಯಲ್ಲಿ ಮಾತ್ರ ಇರಲ್ಲ, ಅದರ ಆಚೀಚೆ ಸಣ್ಣಗೆ ಬುಸ್ ಅಂತ ಗದ್ದಲ ಚೆಲ್ಲತ್ತೆ. ಆ ಗದ್ದಲ ನಾವು ಕೇಳೋ ಫ್ರೀಕ್ವೆನ್ಸಿ ಮೇಲೇ ಬಿದ್ದರೆ ರಿಸೀವರ್ ಎಷ್ಟೇ ಒಳ್ಳೇದಿದ್ರೂ ಪ್ರಯೋಜನ ಇಲ್ಲ, ಅದನ್ನ ಟ್ರಾನ್ಸ್‌ಮಿಟರ್ ಕಡೇನೇ ಸೋಸಬೇಕು. ನಮ್ಮ ಚಪ್ಪಟೆ ಪೆಟ್ಟಿಗೆ ಎರಡನ್ನೂ ಮಾಡ್ತಿರಲಿಲ್ಲ. ದುರ್ಬಲ ಸಿಗ್ನಲ್ ಬರತ್ತೆ, ರಿಪೀಟರ್ ಬಾಯಿ ತೆಗೆಯತ್ತೆ, ತೆಗೆದ ತಕ್ಷಣ ತನ್ನ ಗದ್ದಲಕ್ಕೆ ತಾನೇ ಕಿವುಡಾಗತ್ತೆ, ಸಿಗ್ನಲ್ ಹೋಯ್ತು ಅಂದುಕೊಂಡು ಬಾಯಿ ಮುಚ್ಚತ್ತೆ, ಮುಚ್ಚಿದ ತಕ್ಷಣ ಮತ್ತೆ ಕೇಳಿಸತ್ತೆ. ಅದೇ ಆ ತಟ್ ತಟ್. ಕಾರಿನ 50 ವಾಟ್ ಸಿಗ್ನಲ್ ಆ ಗದ್ದಲದ ಮೇಲೇ ಬರ್ತಿತ್ತು, ಅದಕ್ಕೆ ಟೆಸ್ಟ್‌ನಲ್ಲಿ ಗೊತ್ತಾಗಲಿಲ್ಲ. ನಾವು ಅಡ್ಮಿನ್ ಲಾಗಿನ್‌ನಲ್ಲಿ ಟೆಸ್ಟ್ ಮಾಡಿ, ಬಳಕೆದಾರರಿಗೆ ಕೊಟ್ಟಿದ್ವಿ.

ಇಲ್ಲಿ ಮೇಜಿನ ಮೇಲೆ ಇದೆಯಲ್ಲ, ತಾಮ್ರದ ಬಣ್ಣದ ಉದ್ದದ ಡಬ್ಬಿ, ಇಂಥವು ಆರು ಸೇರಿದ್ರೆ ನಿಜವಾದ ಡ್ಯೂಪ್ಲೆಕ್ಸರ್. ಕ್ಯಾವಿಟಿ ಅಂತಾರೆ. ಎರಡು ಮೀಟರ್ ಬ್ಯಾಂಡ್‌ನಲ್ಲಿ ಕಾಲು ತರಂಗ ಅಂದ್ರೆ ಸುಮಾರು 52 ಸೆಂಟಿಮೀಟರ್, ಅದಕ್ಕೇ ಇಷ್ಟುದ್ದ. ಚಿಕ್ಕದು ಮಾಡೋಕೆ ಹೋದ್ರೆ ಗೋಡೆ ತೆಳು ಆಗತ್ತೆ. ಯಾರಾದ್ರೂ 600 ಕಿಲೋಹರ್ಟ್ಸ್‌ಗೆ ಕೈಚೀಲದಲ್ಲಿ ಹಿಡಿಸೋ ಡ್ಯೂಪ್ಲೆಕ್ಸರ್ ಮಾರ್ತೀನಿ ಅಂದ್ರೆ ನಮಸ್ಕಾರ ಹೇಳಿ ಬನ್ನಿ.

ಹೊಸದು ನಮ್ಮ ಕೈಗೆ ಎಟುಕೋ ಹಾಗಿರಲಿಲ್ಲ. ಹಳೇ ಟ್ಯಾಕ್ಸಿ ರೇಡಿಯೊ ವ್ಯವಸ್ಥೆ ಬಿಚ್ಚಿದ ಒಬ್ಬ ಲೈಸೆನ್ಸ್ ಇರೋ ವ್ಯಾಪಾರಿ ಹತ್ತಿರ ಆರು ಕ್ಯಾವಿಟಿ ಸೆಟ್ ಸಿಕ್ಕಿತು, 48 ಸಾವಿರಕ್ಕೆ. ಕಾಕಾ ನೋಡಿದ್ದು ಮೂರು. ಒಳಗಿನ ಬೆಳ್ಳಿ ಲೇಪ ಕಪ್ಪಾಗಿ ಉದುರಿದೆಯಾ. ಟ್ಯೂನ್ ಮಾಡೋ ಕಡ್ಡಿ ಸಲೀಸಾಗಿ ಜಾರತ್ತಾ. ಎಲ್ಲಕ್ಕಿಂತ ಮುಖ್ಯ, ಅದು 145ರವರೆಗೆ ಇಳಿಯತ್ತಾ. ಯಾಕಂದ್ರೆ ಟ್ಯಾಕ್ಸಿ, ಕಾರ್ಖಾನೆಗಳ ರೇಡಿಯೊ ನಮಗಿಂತ ಮೇಲಿನ ಫ್ರೀಕ್ವೆನ್ಸಿಯಲ್ಲಿ ಇರ್ತವೆ, ಕೆಲವು ಕ್ಯಾವಿಟಿಗಳ ಕಡ್ಡಿ ಅಷ್ಟು ಕೆಳಗೆ ಬರೋದೇ ಇಲ್ಲ. ನನ್ನ ಹತ್ತಿರ ನ್ಯಾನೋವಿಎನ್‌ಎ ಇತ್ತು, ಅಂಗೈ ಅಗಲದ ಅಳತೆ ಯಂತ್ರ. ಒಂದೊಂದೇ ಕ್ಯಾವಿಟಿಯನ್ನ ಜಾಗಕ್ಕೆ ತರೋಕೆ ಅದು ಸಾಕು. ಆರೂ ಸೇರಿಸಿದ ಮೇಲೆ 85 ಡೆಸಿಬಲ್ ಆಳ ಇದೆಯಾ ಅಂತ ನೋಡೋಕೆ ಸಾಲಲ್ಲ, ಅಷ್ಟು ಆಳಕ್ಕೆ ಅದರ ಕಣ್ಣು ಇಳಿಯಲ್ಲ. ಕೊನೇ ಹೊಂದಾಣಿಕೆಗೆ ಸಿಗ್ನಲ್ ಜನರೇಟರ್ ಎರವಲು ತಂದ್ವಿ. ಡ್ಯೂಪ್ಲೆಕ್ಸರ್ ದಾಟೋವಾಗ ಒಂದೂವರೆ ಡೆಸಿಬಲ್ ನಷ್ಟ ಆಯ್ತು, 25 ವಾಟ್ ಹಾಕಿದ್ರೆ ಹೊರಗೆ ಹದಿನೇಳು ಹದಿನೆಂಟು. ಆಗಲಿ ಬಿಡಿ.

ಡಬ್ಬಿಗಳ ನಡುವಿನ ತುಂಡು ಕೇಬಲ್ ಬಗ್ಗೆ ಒಂದು ಮಾತು. ಗೋಡೆ ಕಟ್ಟಿ ಕಿಟಕಿ ತೆಗೆದಿಟ್ಟ ಹಾಗೆ ಮಾಡ್ತಾರೆ. ಒಂದೇ ಪದರದ ಹೆಣಿಗೆ ಇರೋ ಕೇಬಲ್ ಹಾಕಿದ್ರೆ ಸಿಗ್ನಲ್ ಪಕ್ಕದಿಂದ ಸೋರಿ ರಿಸೀವರ್‌ಗೆ ಹೋಗತ್ತೆ. ಎರಡು ಪದರದ ಹೆಣಿಗೆ ಇರೋ ಆರ್‌ಜಿ-214 ಅಥವಾ ಆರ್‌ಜಿ-223 ಹಾಕಿ, ಕನೆಕ್ಟರ್ ಎನ್ ಟೈಪ್ ಹಾಕಿ. ಇನ್ನು ಎಲ್‌ಎಂಆರ್-400. ಹ್ಯಾಮ್‌ಗಳಿಗೆ ಬಹಳ ಪ್ರೀತಿಯ ಕೇಬಲ್, ನನಗೂ ಮನೆಯಲ್ಲಿ ಅದೇ. ಆದ್ರೆ ಅದರೊಳಗೆ ಅಲ್ಯೂಮಿನಿಯಂ ಹಾಳೆ ಮೇಲೆ ತವರ ಹಚ್ಚಿದ ತಾಮ್ರದ ಹೆಣಿಗೆ. ಒಂದೇ ಸಮಯದಲ್ಲಿ ಕೂಗೋದು ಕೇಳೋದು ಎರಡೂ ಅದೇ ಕೇಬಲ್‌ನಲ್ಲಿ ನಡೆದಾಗ, ಗಾಳಿಗೆ ಅಲ್ಲಾಡಿ ಎರಡು ಲೋಹ ಒಂದಕ್ಕೊಂದು ಉಜ್ಜಿ ಗದ್ದಲ ಹುಟ್ಟಿಸಬಹುದು. ರಿಪೀಟರ್‌ಗೆ ಬೇಡ. ಅರ್ಧ ಇಂಚಿನ ಸುಕ್ಕುಗಟ್ಟಿದ ತಾಮ್ರದ ಹೊರಕವಚ ಇರೋ ಕೇಬಲ್, ಮೊಬೈಲ್ ಟವರುಗಳಲ್ಲಿ ಹಾಕ್ತಾರಲ್ಲ, ಅದು ಬೇಕು.

ಲೆಕ್ಕ ನೋಡಿ. ನಮಗೆ ಬೇಕಿದ್ದದ್ದು 30 ಮೀಟರ್. ಮೊದಲ ಸಲ ಹಾಕಿದ್ದ ಆರ್‌ಜಿ-213ರಲ್ಲಿ ಈ ಫ್ರೀಕ್ವೆನ್ಸಿಗೆ ನೂರು ಮೀಟರಿಗೆ ಸುಮಾರು 9 ಡೆಸಿಬಲ್ ನಷ್ಟ, ನಮ್ಮ ಉದ್ದಕ್ಕೆ 2.7. ಅಂದ್ರೆ ಹತ್ತಿರ ಹತ್ತಿರ ಅರ್ಧ ಕೇಬಲ್ಲಿನಲ್ಲೇ ಬಿಸಿಯಾಗಿ ಹೋಗತ್ತೆ. ಅರ್ಧ ಇಂಚಿನ ಕೇಬಲ್ಲಿನಲ್ಲಿ ಅದೇ ಉದ್ದಕ್ಕೆ 0.8. ಹೇಳೋವಾಗ ಆಗೋ ನಷ್ಟವನ್ನ ವಾಟ್ ಜಾಸ್ತಿ ಮಾಡಿ ತುಂಬಿಸಬಹುದು. ಕೇಳೋವಾಗ ಆಗೋ ನಷ್ಟವನ್ನ ಯಾವುದರಿಂದ ತುಂಬಿಸ್ತೀರಿ? ಘಾಟಿನಲ್ಲಿ ನಿಂತ ಹುಡುಗನ ಹ್ಯಾಂಡಿ 5 ವಾಟೇ. ಎಲ್ಲರೂ ರಿಸೀವರ್ ಮುಂದೆ ಪ್ರೀಆಂಪ್ ಹಾಕಿ ಅಂತಾರೆ. ಗುಡ್ಡದ ಮೇಲೆ ಸುತ್ತ ಹತ್ತು ಟವರ್ ಇರೋವಾಗ ಪ್ರೀಆಂಪ್ ಅಂದ್ರೆ ಸಂತೆಯಲ್ಲಿ ಕಿವಿಗೆ ಲೌಡ್‌ಸ್ಪೀಕರ್ ಹಿಡಿದಂತೆ, ಗದ್ದಲವೂ ದೊಡ್ಡದಾಗತ್ತೆ.

ಆಂಟೆನಾ. ಫೈಬರ್‌ಗ್ಲಾಸ್ ಕೋಲು ನೋಡೋಕೆ ಚೆಂದ, ಏರಿಸೋಕೆ ಸುಲಭ. ನಮ್ಮದು ಮೊದಲ ಮಳೆಗಾಲ ಹೇಗೋ ಕಳೀತು, ಗಾಳಿಗೆ ಬಾಗಿ ಬಾಗಿ ಒಳಗಿನ ಜೋಡಣೆ ಸಡಿಲ ಆಗಿ ಕರಕರ ಶುರುವಾಯ್ತು, ನೀರೂ ಇಳಿದಿತ್ತು. ಎರಡನೇ ಸಲ ಕಂಬಕ್ಕೆ ಕಚ್ಚಿಸೋ ನಾಲ್ಕು ಫೋಲ್ಡೆಡ್ ಡೈಪೋಲ್ ಹಾಕಿದ್ವಿ. ಮೆಟ್ಟಿಲು ಮೆಟ್ಟಿಲಾಗಿ ಕಾಣತ್ತೆ, ಹಳೇ ಪೊಲೀಸ್ ಸ್ಟೇಷನ್ ಮೇಲೆ ನೋಡಿರ್ತೀರಿ. ಅದರ ಲೋಹ ಪೂರ್ತಿ ನೆಲಕ್ಕೆ ಸೇರಿರೋದ್ರಿಂದ ಸಿಡಿಲಿನ ಕಾಲದಲ್ಲಿ ಸ್ವಲ್ಪ ಧೈರ್ಯ. ಗೇನ್ ಎಷ್ಟು ಅಂತ ಮಾತ್ರ ಕೇಳಬೇಡಿ. ಗೇನ್ ಜಾಸ್ತಿ ಅಂದ್ರೆ ಕಿರಣ ದಿಗಂತದ ಕಡೆ ತೆಳ್ಳಗೆ ಹೋಗತ್ತೆ. ಗುಡ್ಡದ ಕೆಳಗೇ ಇರೋ ಊರಿನ ತಲೆ ಮೇಲಿಂದ ಹಾರಿಹೋಗಿ ಎಲ್ಲೋ ದೂರದವರಿಗೆ ಕೇಳಿಸತ್ತೆ.

ಸಿಡಿಲಿಗೆ ಅಂತ ಬೇರೆ ಪಾಠ ಇದೆ, ಅದಕ್ಕೆ ಒಂದು ಗಂಟೆ ಬೇಕು. ಒಂದೇ ಮಾತು: ಕೇಬಲ್ ಕೋಣೆಗೆ ಬರೋ ಜಾಗದಲ್ಲಿ ಅರೆಸ್ಟರ್, ಮತ್ತೆ ಕಂಬದ ಭೂಮಿ, ಕರೆಂಟಿನ ಭೂಮಿ, ಪೆಟ್ಟಿಗೆಯ ಭೂಮಿ ಎಲ್ಲ ಒಂದಕ್ಕೊಂದು ಸೇರಿರಬೇಕು. ಹಾಗೇ ತುಕ್ಕು ಹಿಡಿದ ಬೋಲ್ಟ್. ತುಕ್ಕು ಡಯೋಡ್ ಥರ ಕೆಲಸ ಮಾಡಿ ಇಲ್ಲದ ಫ್ರೀಕ್ವೆನ್ಸಿ ಹುಟ್ಟಿಸತ್ತೆ. ಸ್ಟೇನ್‌ಲೆಸ್ ಹಾಕಿ. ಕೋತಿಗಳಿಗೆ ಏನು ಹಾಕಬೇಕು ಅಂತ ನಮಗಿನ್ನೂ ಗೊತ್ತಾಗಿಲ್ಲ. (ನಗು) ಕೆಳಗಿನ ಎರಡು ಮೀಟರ್ ಕೇಬಲ್ಲನ್ನ ಜಿಐ ಪೈಪಿನೊಳಗೆ ಹಾಕಿದ ಮೇಲೆ ಸ್ವಲ್ಪ ಶಾಂತಿ.

ಈಗ ಕೊನೆಗೆ ರೇಡಿಯೊ. ನೋಡಿ, ನಾವು ಮೊದಲು ಕೊಂಡದ್ದು ಎರಡನೇ ಸಲ ಕೊನೆಗೆ ಬಂತು. ಕೇಳೋ ರೇಡಿಯೊದಲ್ಲಿ ಎಷ್ಟು ಸಣ್ಣ ಸಿಗ್ನಲ್ ಹಿಡಿಯತ್ತೆ ಅನ್ನೋದಕ್ಕಿಂತ, ಪಕ್ಕದ ದೊಡ್ಡ ಸಿಗ್ನಲ್‌ಗೆ ಹೆದರುತ್ತಾ ಅನ್ನೋದು ಮುಖ್ಯ. ಎರಡು ಸಾವಿರದ ಒಂದೇ ಚಿಪ್ಪಿನ ಹ್ಯಾಂಡಿ ಮನೆಯಲ್ಲಿ ಚೆನ್ನಾಗೇ ಕೇಳತ್ತೆ, ಗುಡ್ಡದ ಮೇಲೆ ಒಯ್ದರೆ ಎಲ್ಲ ಟವರ್‌ಗಳ ಮುಂದೆ ಮೂಕವಿಸ್ಮಿತ. ಕಂಪನಿಗಳು ವರ್ಷಗಟ್ಟಲೆ ಓಡಿಸಿದ ಹಳೇ ಕಮರ್ಷಿಯಲ್ ಸೆಟ್, ಮೊಟೊರೊಲಾ ಜಿಎಂ300 ಥರದ್ದು, ಮುಂಭಾಗದಲ್ಲಿ ಒಳ್ಳೆ ಫಿಲ್ಟರ್ ಇರತ್ತೆ, ಹಿಂದುಗಡೆ ಕಂಟ್ರೋಲರ್ ಜೋಡಿಸೋಕೆ ಕನೆಕ್ಟರ್ ಇರತ್ತೆ. ಹೊಳೆಯಲ್ಲ, ಬಣ್ಣದ ಸ್ಕ್ರೀನಿಲ್ಲ. ಅದನ್ನೇ ತಗೊಂಡ್ವಿ.

ಹೇಳೋ ರೇಡಿಯೊಗೆ ಬೇರೆ ಕಷ್ಟ. ಕಾರಿನ ರೇಡಿಯೊ ಮೇಲೆ 50 ವಾಟ್ ಅಂತ ಬರೆದಿದ್ದರೆ, ಅದು ಒಂದು ನಿಮಿಷ ಮಾತಾಡಿ ನಾಲ್ಕು ನಿಮಿಷ ಸುಮ್ಮನಿರೋ ಮನುಷ್ಯನ ಲೆಕ್ಕ. ರಿಪೀಟರ್‌ನಲ್ಲಿ ನಾವು ಹನ್ನೊಂದು ಜನರೂ ಸರದಿ ಮೇಲೆ ಮಾತಾಡ್ತೀವಿ, ಅದಕ್ಕೆ ಒಬ್ಬರಿಗೂ ಬಿಡುವಿಲ್ಲ. ಅರ್ಧಕ್ಕೆ ಇಳಿಸಿ, 20-25 ವಾಟ್‌ನಲ್ಲಿಟ್ಟು, ಹಿಂದೆ ಕಂಪ್ಯೂಟರ್ ಫ್ಯಾನ್ ಕಟ್ಟಿ. 50ರಿಂದ 25ಕ್ಕೆ ಇಳಿದ್ರೆ ಕಳ್ಕೊಳ್ಳೋದು 3 ಡೆಸಿಬಲ್, ಕೇಳೋರಿಗೆ ಗೊತ್ತೂ ಆಗಲ್ಲ. 25 ವಾಟ್ ರಿಪೀಟರ್ ಕೂಡ 5 ವಾಟ್ ಹ್ಯಾಂಡಿಗಿಂತ 7 ಡೆಸಿಬಲ್ ಜೋರು. ಇನ್ನೂ ಜೋರು ಮಾಡಿದ್ರೆ ದೂರದವರಿಗೆ ಆಸೆ ಹುಟ್ಟಿಸಿ, ಅವರ ಮಾತು ಕೇಳದೆ ಕೂರೋದು ಅಷ್ಟೇ.

ಕಂಟ್ರೋಲರ್ ನನ್ನ ವಿಭಾಗ, ನನ್ನ ಅವಮಾನ. ಸಾಫ್ಟ್‌ವೇರ್‌ನವನಲ್ಲವಾ, ರಾಸ್ಪ್‌ಬೆರಿ ಪೈ ಹಾಕಿ, ಡ್ಯಾಶ್‌ಬೋರ್ಡ್, ಗ್ರಾಫ್, ಅಲರ್ಟ್, ಎಲ್ಲ ಮಾಡಿದೆ. ಜುಲೈನಲ್ಲಿ ಕರೆಂಟ್ ಹೋಗಿ ಬಂದು ಹೋಗಿ ಬಂದು ಎಸ್‌ಡಿ ಕಾರ್ಡ್ ಕೆಟ್ಟಿತು. ಮಳೆಯಲ್ಲಿ ಒಂದೂವರೆ ಗಂಟೆ ಹತ್ತಿ ಕಾರ್ಡ್ ಬದಲಾಯಿಸಿ ಬಂದೆ. ಮೂರು ವಾರಕ್ಕೆ ಮತ್ತೆ. ಎರಡನೇ ಸಲ ಕಾಕಾ ಏನೂ ಹೇಳಲಿಲ್ಲ, ಚಹಾ ಕೊಟ್ರು, ಅದು ಇನ್ನೂ ನೋವಾಯ್ತು. ಈಗಿರೋದು ಸಣ್ಣ ಮೈಕ್ರೋಕಂಟ್ರೋಲರ್ ಬೋರ್ಡ್, ಮುನ್ನೂರು ಸಾಲಿನ ಕೋಡ್, ವಾಚ್‌ಡಾಗ್ ಟೈಮರ್. ಸಿಗ್ನಲ್ ಬಂತಾ ನೋಡತ್ತೆ, ಸರಿಯಾದ ಸಿಟಿಸಿಎಸ್‌ಎಸ್ ಟೋನ್ ಇದೆಯಾ ನೋಡತ್ತೆ, ಬಾಯಿ ತೆಗೆಯತ್ತೆ, ಆಗಾಗ ಮೋರ್ಸ್‌ನಲ್ಲಿ ಕಾಲ್‌ಸೈನ್ ಹೇಳತ್ತೆ, ಯಾರಾದ್ರೂ ಮೂರು ನಿಮಿಷ ಬಿಡದೆ ಮಾತಾಡಿದ್ರೆ ಬಾಯಿ ಮುಚ್ಚತ್ತೆ. ಕೊನೇದು ಹರಟೆಕೋರರಿಗಲ್ಲ. ಒಬ್ಬರು ಮೈಕ್ ಮೇಲೆ ಕೂತುಕೊಂಡು ಪೂರ್ತಿ ಎಕ್ಸ್‌ಪ್ರೆಸ್‌ವೇ ಡ್ರೈವ್ ಮಾಡಿದ್ರು, ಅವರ ಮನೆ ವಿಷಯ ಎಲ್ಲ ನಮಗೆ ಗೊತ್ತಾಯ್ತು. (ನಗು)

ವಿದ್ಯುತ್ತು. ಹೇಳೋವಾಗ 7 ಆಂಪಿಯರ್, ಸುಮ್ಮನೆ ಕೇಳೋವಾಗ ಎಲ್ಲ ಸೇರಿ 0.6 ಅಂದುಕೊಳ್ಳಿ. ದಿನದ ಹತ್ತನೇ ಒಂದು ಭಾಗ ಮಾತು. 24 ಗಂಟೆಗೆ ಹತ್ತಿರ ಹತ್ತಿರ 30 ಆಂಪಿಯರ್-ಅವರ್. ಎರಡು ದಿನ ಕರೆಂಟಿಲ್ಲದೆ ನಿಲ್ಲಬೇಕು, ಬ್ಯಾಟರಿ ಅರ್ಧಕ್ಕಿಂತ ಕೆಳಗೆ ಇಳಿಸಬಾರದು ಅಂದ್ರೆ 120. ಮನೆ ಇನ್ವರ್ಟರ್‌ಗೆ ಹಾಕೋ 150ರ ಟ್ಯೂಬುಲರ್ ಬ್ಯಾಟರಿ ಸಾಕು, ಯಾವ ಊರಲ್ಲೂ ಸಿಗತ್ತೆ. ಚಾರ್ಜರ್ ಅಗ್ಗದ ಎಸ್‌ಎಂಪಿಎಸ್ ಆಗಿದ್ರೆ ಗದ್ದಲ ಮಾಡತ್ತೆ. ನಮಗೆ ಒಂದು ವಾರ ಸಂಜೆ ಏಳಕ್ಕೆ ಸರಿಯಾಗಿ ರಿಸೀವರ್ ಮಂಕಾಗ್ತಿತ್ತು, ಬೆಳಿಗ್ಗೆ ಸರಿ. ಚಾರ್ಜರ್ ಬದಲಾಯಿಸಿದ್ವಿ, ಆಂಟೆನಾ ಬಿಚ್ಚಿ ನೋಡಿದ್ವಿ. ಕೊನೆಗೆ ನೋಡಿದ್ರೆ ಕಾವಲುಗಾರ ಹಾಕಿದ್ದ ಹೊಸ ಎಲ್‌ಇಡಿ ಬಲ್ಬು.

ಎಲ್ಲ ಜೋಡಿಸಿದ ಮೇಲೆ ಟೆಸ್ಟ್ ಹೀಗೆ ಮಾಡಿ. ಒಬ್ಬರನ್ನ ದೂರಕ್ಕೆ ಕಳಿಸಿ, ಹ್ಯಾಂಡಿಯಲ್ಲಿ, ಸಿಗ್ನಲ್ ಗೊರಗೊರ ಅನ್ನೋ ಅಂಚಿನಲ್ಲಿ ನಿಲ್ಲಿಸಿ. ಗುಡ್ಡದ ಮೇಲೆ ರಿಸೀವರ್ ಸ್ಪೀಕರ್‌ಗೆ ಕಿವಿ ಕೊಡಿ. ಟ್ರಾನ್ಸ್‌ಮಿಟರ್ ಆಫ್ ಮಾಡಿ ಕೇಳಿ, ಆನ್ ಮಾಡಿ ಕೇಳಿ. ಆನ್ ಮಾಡಿದಾಗ ಗೊರಗೊರ ಜಾಸ್ತಿ ಆದ್ರೆ ನಿಮ್ಮದು ಕಿವುಡು. ಆಂಟೆನಾ ಬದಲು ಡಮ್ಮಿ ಲೋಡ್ ಇಟ್ಟು ಸಿಗ್ನಲ್ ಜನರೇಟರ್‌ನಿಂದ ಸಣ್ಣ ಸಿಗ್ನಲ್ ಕೊಟ್ಟು ಇದೇ ಪರೀಕ್ಷೆ ಮಾಡಿದಾಗ ಸರಿ ಇದ್ರೆ, ದೋಷ ಕೇಬಲ್ ಅಥವಾ ಕಂಬದ ಮೇಲಿದೆ. ಆಗಲೂ ಮಂಕಾದ್ರೆ ಡ್ಯೂಪ್ಲೆಕ್ಸರ್ ನೋಡಿ.

ಪ್ರಶ್ನೆ ಚೀಟಿ ಮೂರು ಬಂದಿದೆ. "ಯುಎಚ್‌ಎಫ್ ಯಾಕೆ ಬೇಡ, ಅಲ್ಲಿ ಡ್ಯೂಪ್ಲೆಕ್ಸರ್ ಚಿಕ್ಕದಲ್ಲವಾ?" ಹೌದು, ಅಮೆರಿಕದಲ್ಲಿ ಅಲ್ಲಿ 5 ಮೆಗಾಹರ್ಟ್ಸ್ ಅಂತರ ಇಡ್ತಾರೆ, ಆ ಚಪ್ಪಟೆ ಪೆಟ್ಟಿಗೆ ಸಾಕು. ನಮಗೆ ಕೊಟ್ಟಿರೋದು 434ರಿಂದ 438, ಒಟ್ಟು ಅಗಲವೇ 4. ಐದು ಹೇಗೆ ಹಿಡಿಯತ್ತೆ? ಅಂತರ ಕಡಿಮೆ ಇಟ್ಟು ಅದಕ್ಕೆ ಸರಿಯಾದ ಡ್ಯೂಪ್ಲೆಕ್ಸರ್ ಹುಡುಕಬೇಕು. ವಿದೇಶದ ವಿಡಿಯೊ ನೋಡಿ ಆರ್ಡರ್ ಮಾಡೋರು ಇದನ್ನ ನೆನಪಿಡಿ. ಹಾಗೇ, ಲೈಸೆನ್ಸ್ ಇಲ್ಲದೆ ಟ್ರಾನ್ಸ್‌ಮಿಟರ್ ಇಟ್ಟುಕೊಳ್ಳೋದೇ ತಪ್ಪು, ರಿಪೀಟರ್‌ಗೆ ದೂರಸಂಪರ್ಕ ಇಲಾಖೆಯ ಡಬ್ಲ್ಯೂಪಿಸಿ ಅನುಮತಿ ಬೇಕು. ಆ ಕಾಗದ ಮೊದಲು, ಕೊಳ್ಳೋದು ಆಮೇಲೆ.

"ಈ ಕಾಲದಲ್ಲಿ ಡಿಜಿಟಲ್ ಯಾಕಿಲ್ಲ?" ನಮ್ಮಲ್ಲಿ ಚಿಕ್ಕವರು ಎಲ್ಲ ಡಿಎಂಆರ್ ಅಂತಾರೆ. 12.5 ಕಿಲೋಹರ್ಟ್ಸ್ ಜಾಗದಲ್ಲಿ ಎರಡು ಮಾತುಕತೆ ಒಟ್ಟಿಗೆ ಹೋಗತ್ತೆ, ಅದು ನಿಜವಾಗಿ ಜಾಣತನ. ಆದ್ರೆ ಎಫ್‌ಎಂನಲ್ಲಿ ಸಿಗ್ನಲ್ ಸಾಯೋವಾಗ ಗೊರಗೊರ ಅಂತ ಸಾಯತ್ತೆ, ಕಿವಿ ಆ ಗದ್ದಲದಿಂದ ಮಾತು ಹೆಕ್ಕಿಕೊಳ್ಳತ್ತೆ. ಡಿಜಿಟಲ್ ಥಟ್ಟನೆ ಸಾಯತ್ತೆ. ಮತ್ತೆ ಎಲ್ಲರ ಮನೆಯಲ್ಲೂ ಇರೋ ಹ್ಯಾಂಡಿ ಎಫ್‌ಎಂನದ್ದೇ. ಪಾಲಖಿಗೆ ಸಹಾಯಕ್ಕೆ ಬಂದವರಿಗೆ ನಿಮ್ಮ ರೇಡಿಯೊ ಬೇರೆ ಜಾತಿ ಅಂತ ಹೇಳೋಕಾಗಲ್ಲ. 2004ರ ಸುನಾಮಿಯಲ್ಲಿ ಭಾರತಿ ಪ್ರಸಾದ್ ಅವರು ಪೋರ್ಟ್ ಬ್ಲೇರ್‌ನಿಂದ ಮಾತಾಡಿದ್ದು ತಮ್ಮ ಹತ್ತಿರ ಇದ್ದ ಸಾಮಾನ್ಯ ಹ್ಯಾಮ್ ಸ್ಟೇಷನ್‌ನಿಂದಲೇ. ಡಿಎಂಆರ್ ಬೇಕಾದ್ರೆ ಇನ್ನೊಂದು ಪೆಟ್ಟಿಗೆ ಇಡೋಣ ಅಂತ ನಮ್ಮ ಹುಡುಗರಿಗೆ ಹೇಳಿದೀನಿ. ದುಡ್ಡು ಅವರೇ ಕೂಡಿಸಬೇಕು.

ಮೂರನೇದು, "ಮುಂದಿನ ಪಾಲಖಿಯಲ್ಲಿ ಏನಾಯ್ತು?" ಮೂರನೇ ತಿರುವಿನಲ್ಲಿ ಅದೇ ಹುಡುಗನೇ ನಿಂತ, ತಾನೇ ಕೇಳಿ ಆ ಜಾಗ ತಗೊಂಡ. ಬೆಳಿಗ್ಗೆಯಿಂದ ಸಂಜೆವರೆಗೆ ಅವನ ಹತ್ತಿರದಿಂದ ನನಗೆ ಹತ್ತೊಂಬತ್ತು ಕರೆ ಬಂತು. ಕಾಲು ಉಳುಕಿದ್ದು, ಕಳೆದುಹೋದ ಮಗು, ಕುಡಿಯೋ ನೀರಿನ ಟ್ಯಾಂಕರ್, ಇಂಥವು. ಒಂದನ್ನೂ "ರಿಪೀಟ್" ಅನ್ನಬೇಕಾಗಲಿಲ್ಲ. ಕಾಕಾ ಗುಡ್ಡ ಹತ್ತಲಿಲ್ಲ, ಮಂಡಿ ನೋವು, ಮನೆಯಲ್ಲೇ ಕೂತು ಕೇಳಿಸಿಕೊಂಡ್ರು.

ಆ ಚಪ್ಪಟೆ ಡ್ಯೂಪ್ಲೆಕ್ಸರ್ ಇಲ್ಲೇ ಇದೆ, ಕ್ಯಾವಿಟಿ ಪಕ್ಕದಲ್ಲಿ ಇಟ್ಟಿದೀನಿ. ಎರಡನ್ನೂ ಕೈಯಲ್ಲಿ ಎತ್ತಿ ತೂಕ ನೋಡೋರು ಮುಂದೆ ಬನ್ನಿ. ಕ್ಯಾವಿಟಿಯ ಮೇಲಿನ ಕಡ್ಡಿ ಮಾತ್ರ ದಯವಿಟ್ಟು ತಿರುಗಿಸಬೇಡಿ, ಟ್ಯೂನ್ ಮಾಡೋಕೆ ಎರಡು ಭಾನುವಾರ ಹಿಡಿದಿದೆ.